ವೆರೋನಿಕಾ ನಿಲ್ಲುವ ಜಾಗಗಳು

ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ಬೂದಿ ಬುಧವಾರ ಕಳೆದ ಮೇಲೆ ಒಂದು ದಿನ ನಮ್ಮ ಪಾದ್ರಿಗಳು ಮರೀಲ್ದಾ ಎಂಬ ಹುಡುಗಿಯನ್ನು ನನ್ನ ಮನೆಗೆ ಕಳಿಸಿದರು. ದೂರದ ಗೊಯಾಸಿನ ಬಯಲುಸೀಮೆಯವಳು. ನಮ್ಮೂರು ಓರೊ ಪ್ರೆತೊದ ಶಾಲೆಯೊಂದರಲ್ಲಿ ಮಕ್ಕಳಿಗೆ ಹಾಡು ಕಲಿಸಲು ಬಂದು ಇನ್ನೂ ತಿಂಗಳಾಗಿರಲಿಲ್ಲ. ಒಳ್ಳೆಯ ದನಿ, ಊರು ಮಾತ್ರ ಗೊತ್ತಿಲ್ಲ, ನೀವೂ ಝುಲ್ಮೀರಾಳೂ ಸೇರಿ ಸ್ವಲ್ಪ ತೋರಿಸಿ ಎಂದು ಹೇಳಿಕಳಿಸಿದ್ದರು. ಊರು ತೋರಿಸಿ ಎನ್ನುವ ಮಾತಿನ ಹಿಂದೆ ಏನಿದೆಯೆಂದು ನನಗೆ ತಿಳಿಯಿತು. ಝುಲ್ಮೀರಾಳಿಗೂ ತಿಳಿಯದೆ ಇರುವುದಿಲ್ಲ ಎಂಬುದೇ ನನ್ನ ಅಳುಕು.

ಝುಲ್ಮೀರಾ ನನ್ನ ಪಕ್ಕದ ಮನೆಯವಳು, ನನಗೆ ಕೊಮಾದ್ರೆ. ಅವಳ ಮಗನ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡು ನಿಂತವಳು ನಾನು. ನಮ್ಮಲ್ಲಿ ಅದು ಒಡಹುಟ್ಟಿನಷ್ಟೇ ಗಟ್ಟಿಯಾದ ನಂಟು. ತಾಮ್ರದ ಹಂಡೆಯಲ್ಲಿ ಸೀಬೆಹಣ್ಣಿನ ಹಲ್ವ ಕಾಯಿಸಿ, ಮಾರಿ, ಮಗನನ್ನು ಸಾಕಿದವಳು. ಆದರೆ ನಮ್ಮ ಆಂತೊನಿಯೊ ದಿಯಾಸ್ ಕೇರಿಯಲ್ಲಿ ಅವಳನ್ನು ಯಾರೂ ಹಲ್ವದವಳು ಎಂದು ಕರೆದವರಲ್ಲ, ವೆರೋನಿಕಾ ಎಂದೇ ಕರೆಯುತ್ತಿದ್ದರು. ಶುಭ ಶುಕ್ರವಾರದ ಸಂಜೆ ಯೇಸುವಿನ ಶವದ ಮೆರವಣಿಗೆ ಹೊರಡುವಾಗ, ಶಿಲುಬೆಯ ದಾರಿಯಲ್ಲಿ ಅವನ ಮುಖ ಒರೆಸಿದ ಆ ಹೆಂಗಸಿನ ಪಾತ್ರ ಅವಳದು. ಕಪ್ಪು ಬಟ್ಟೆ ಉಟ್ಟು, ದಾರಿಯಲ್ಲಿ ಅಲ್ಲಲ್ಲಿ ನಿಂತು, ಮಣೆ ಹತ್ತಿ, ಮುಖದ ಗುರುತು ಮೂಡಿದ ವಸ್ತ್ರವನ್ನು ಮೆಲ್ಲನೆ ಬಿಚ್ಚುತ್ತ, ಹಾದಿಹೋಕರಿಗೆ ನೋವು ತೋಡಿಕೊಳ್ಳುವ ಲ್ಯಾಟಿನ್ ಹಾಡನ್ನು ಹಾಡಬೇಕು. ಮೈಕಿಲ್ಲ, ವಾದ್ಯವಿಲ್ಲ. ಗುರುವಾರದಿಂದಲೇ ಊರಿನ ಗಂಟೆಗಳೆಲ್ಲ ಬಾಯಿ ಮುಚ್ಚಿರುತ್ತವೆ. ಅವುಗಳ ಬದಲು ಆಡಿಸುವ ಮರದ ಗಿಲಕಿಯ ಸದ್ದು ನಿಂತ ಮೇಲೆ ಇಡೀ ಕಣಿವೆಯಲ್ಲಿ ಕೇಳುವುದು ಆ ಒಂದು ದನಿ. ಅವಳ ಬೆನ್ನಿಗೆ ಅಳುವ ಹೆಂಗಸರು ಮೂವರು, ಹಾಡು ಮುಗಿದಾಗ ಮರುದನಿ ಕೊಡಲು. ಅವರಲ್ಲಿ ಒಬ್ಬಳು ನಾನು. ಮಣೆ ಹೊರುವುದೂ ನನ್ನ ಪಾಲಿನ ಕೆಲಸವೇ.

ಆ ವರ್ಷ ಝುಲ್ಮೀರಾಳ ಗಂಟಲಲ್ಲಿ ಗಡ್ಡೆ ಎದ್ದಿತ್ತು. ಹಿಂದಿನ ಕ್ರಿಸ್‌ಮಸ್ ಹೊತ್ತಿಗೆ ದನಿ ಒಡೆಯತೊಡಗಿದಾಗ ಮಗ ಅವಳನ್ನು ಬೆಲೊ ಒರಿಜೊಂತೆ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ. ಜೊತೆಗೆ ನಾನೂ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೇಜಿನ ಆಚೆಯಿಂದ ಹೇಳಬಹುದಾಗಿದ್ದನ್ನು ಕುರ್ಚಿ ಎಳೆದುಕೊಂಡು ಬಂದು, ಝುಲ್ಮೀರಾಳ ಮೊಣಕಾಲಿಗೆ ತಮ್ಮ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಹೇಳಿದರು. ಈಗಲೇ ತೆಗೆದರೆ ಜೀವ ಉಳಿದೀತು, ದನಿ ಉಳಿಯುವುದಿಲ್ಲ. ತಡ ಮಾಡಿದರೆ ಜೀವದ ಮಾತನ್ನೂ ತಾನು ಕೊಡಲಾರೆ.

ಝುಲ್ಮೀರಾ ಅಡ್ಡ ಮಾತಾಡದೆ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಡಾಕ್ಟರ ಕೈಯನ್ನು ಮೆಲ್ಲನೆ ತಟ್ಟಿ, “ಈಸ್ಟರ್ ಮುಗಿದ ಸೋಮವಾರ ಬರ್ತೀನಿ ಮಗಳೇ. ಈ ಸಲ ನಮ್ಮ ವರ್ಷ,” ಎಂದಳು.

ನಮ್ಮ ವರ್ಷ ಎಂದರೆ ಏನೆಂದು ಆ ಡಾಕ್ಟರಿಗೆ ಅರ್ಥವಾಗಲಿಲ್ಲ. ಈ ಊರಿನವರಲ್ಲದವರಿಗೆ ಅರ್ಥವಾಗುವುದೂ ಕಷ್ಟ. ಊರಿನ ನಡುವಿನ ದೊಡ್ಡ ಚೌಕದ ಈಚೆ ನಮ್ಮ ಕೇರಿ, ಆಚೆ ಪಿಲಾರ್ ಕೇರಿ. ಈಸ್ಟರಿಗೆ ಮುಂಚಿನ ಪವಿತ್ರ ವಾರವನ್ನು ನಡೆಸುವ ಸರದಿ ಒಂದು ವರ್ಷ ಅವರದು, ಒಂದು ವರ್ಷ ನಮ್ಮದು. ಅವರು ನಮ್ಮನ್ನು ಬೆಲ್ಲದ ನೀರಿಗೆ ಹಿಟ್ಟು ಕಲಸಿ ಕುಡಿಯುವವರು ಎಂದು ಆಡಿಕೊಳ್ಳುತ್ತಾರೆ. ನಾವು ಅವರನ್ನು ಗೊರಸಿನ ಸಾರಿನವರು ಎನ್ನುತ್ತೇವೆ. ಈ ಬೆಟ್ಟಗಳಲ್ಲಿ ಚಿನ್ನ ತೆಗೆಯುತ್ತಿದ್ದ ಕಾಲದಿಂದ ಬಂದ ಜಗಳ. ಚಿನ್ನ ಮುಗಿದರೂ ಜಗಳ ಮುಗಿದಿಲ್ಲ. ಈ ಸಲ ತಪ್ಪಿದರೆ ಇನ್ನು ಎರಡು ವರ್ಷ ಕಾಯಬೇಕು, ಅಷ್ಟರಲ್ಲಿ ಹಾಡಲು ಗಂಟಲೇ ಇರುವುದಿಲ್ಲ ಎಂಬುದು ಝುಲ್ಮೀರಾಳ ಲೆಕ್ಕ. ಕೊನೆಯ ಒಂದು ಸಲ ಹಾಡಿ, ಆಮೇಲೆ ಡಾಕ್ಟರ ಕೈಗೆ ಕೊರಳು ಕೊಡುತ್ತೇನೆ ಎಂದಳು. ಮಗ ಅತ್ತ. ನಾನು ಬೈದೆ. ಅವಳು ಹಂಡೆ ತಿಕ್ಕುತ್ತ ಕೂತಳು.

ಇದರಲ್ಲಿ ನನ್ನ ಮನಸ್ಸನ್ನು ಹೆಚ್ಚು ಕೊರೆದದ್ದು ಇನ್ನೊಂದು ಸಂಗತಿ. ಹಿಂದಿನ ವರ್ಷ ಪಿಲಾರಿನವರದು. ಅವರ ವೆರೋನಿಕಾ ತುಂಬು ಬಸುರಿಯಾಗಿದ್ದಳು. ಅವರ ಹಾಡುಗಾರರ ಮೇಸ್ಟ್ರು ಒಲೆಗಾರಿಯೊ ಟೋಪಿ ಕೈಯಲ್ಲಿ ಹಿಡಿದು, ದಿಬ್ಬ ಹತ್ತಿ ಇಳಿದು, ಝುಲ್ಮೀರಾಳ ಬಾಗಿಲಿಗೆ ಬಂದಿದ್ದರು. ಒಂದು ಸಲ ನಮಗೆ ಹಾಡಿ ಎಂದು ಕೇಳಲು. ಆಗ ಅವಳ ದನಿ ಸರಿಯಾಗಿಯೇ ಇತ್ತು, ತೊಳೆದ ಗಾಜಿನ ಹಾಗೆ.

“ಗೊರಸಿನ ಸಾರು ಕುಡಿದೂ ಕುಡಿದೂ ನಿಮ್ಮೋರ ಗಂಟಲೆಲ್ಲ ಅಂಟ್ಕೊಂಡ್ಬಿಡ್ತಾ ಒಲೆಗಾರಿಯೊ?”

“ಹೌದು ತಾಯಿ. ಅದಕ್ಕೇ ಹಿಟ್ಟಿನ ನೀರು ಕುಡಿಯೋರ ಮನೆ ಹುಡುಕ್ಕೊಂಡು ಬಂದೆ. ತೆಳ್ಳಗೆ ಇಳಿಯುತ್ತಂತಲ್ಲ.”

ಅವಳು ನಕ್ಕು, ಕಾಫಿ ಕೊಟ್ಟು, ಒಂದು ಗಟ್ಟಿ ಹಲ್ವ ಕಟ್ಟಿಕೊಟ್ಟು, ಆಗುವುದಿಲ್ಲ ಎಂದು ಕಳಿಸಿದಳು. ನಮ್ಮ ಕೇರಿಯವರು ಆ ಮಾತನ್ನು ವರ್ಷವಿಡೀ ಹೇಳಿಕೊಂಡು ಕುಣಿದರು. ಅವಳು ಒಪ್ಪಿಕೊಂಡಿದ್ದರೆ ಆ ಕೊನೆಯ ಹಾಡು ಆಗಲೇ ಆಗಿಹೋಗುತ್ತಿತ್ತು, ಜನವರಿಯಲ್ಲೇ ಗಡ್ಡೆ ತೆಗೆಸಿಕೊಳ್ಳಬಹುದಿತ್ತು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವಳು ಕೆಲವೊಮ್ಮೆ ಸೌಟು ಹಿಡಿದವಳು ಹಾಗೇ ನಿಂತುಬಿಡುತ್ತಿದ್ದಳು, ಹಲ್ವ ತಳ ಹಿಡಿಯುವವರೆಗೆ.

ತನ್ನ ಜಾಗಕ್ಕೆಂದು ಕಳಿಸಿದ ಹುಡುಗಿ ಎಂದು ಗೊತ್ತಿದ್ದೂ ಮರೀಲ್ದಾಳಿಗೆ ಊರು ತೋರಿಸಲು ಝುಲ್ಮೀರಾ ಒಂದೇ ಮಾತಿಗೆ ಒಪ್ಪಿದ್ದು ನನಗೆ ಆಶ್ಚರ್ಯ. ಶನಿವಾರ ಬೆಳಿಗ್ಗೆ ಒಳ್ಳೆಯ ಚಪ್ಪಲಿ ಮೆಟ್ಟಿಕೊಂಡು ಬಂದಳು. ನಮ್ಮ ಇಗರ್ಜಿಯಿಂದ ಹೊರಟು, ಸೇತುವೆ ದಾಟಿ, ಏರು ಹತ್ತಿ, ಸಂತ ಫ್ರಾನ್ಸಿಸರ ಇಗರ್ಜಿ, ಅಲ್ಲಿಂದ ಚೌಕ. ಮೆರವಣಿಗೆಯ ದಾರಿಯೂ ಅದೇ. ಅವಳು ಎಲ್ಲವನ್ನೂ ತೋರಿಸಿದಳು. ಬಾಗಿಲ ಮೇಲಿನ ಬಳಪದ ಕಲ್ಲಿನ ಕೆತ್ತನೆ, ಛಾವಣಿಗೆ ಬರೆದ ಮೋಡಗಳ ನಡುವಿನ ಕಂದುಬಣ್ಣದ ದೇವಮಾತೆ, ಯಾವ ದೇವದೂತನ ಮೂಗು ಯಾವಾಗ ಮುರಿಯಿತು, ಯಾವ ಬೀದಿಯಲ್ಲಿ ಮಳೆ ಬಂದರೆ ಕಾಲು ಜಾರುತ್ತದೆ. ಆ ಹುಡುಗಿ ಬಾಯಿ ತೆರೆದು ನೋಡುತ್ತಿದ್ದಳು. ನಮ್ಮೂರಲ್ಲಿ ಎತ್ತರ ಅಂದರೆ ನೀರಿನ ಟ್ಯಾಂಕು ಮಾತ್ರ ಎಂದಳು.

ಆದರೆ ಹಾಡಲು ಎಲ್ಲಿ ನಿಲ್ಲಬೇಕು ಎಂಬುದನ್ನು ಝುಲ್ಮೀರಾ ಎಲ್ಲಿಯೂ ಹೇಳಲಿಲ್ಲ. ನೋಡಲು ಬಂದವರ ಊರು ಬೇರೆ, ವೆರೋನಿಕಾಳ ಊರು ಬೇರೆ. ಅವಳು ಪ್ರತಿ ಇಗರ್ಜಿಗೂ ಬೆನ್ನು ಹಾಕಿ ನಿಲ್ಲುವವಳು. ಕೆತ್ತನೆ ಅವಳ ಕಣ್ಣಿಗೆ ಬೀಳುವುದಿಲ್ಲ. ಅವಳಿಗೆ ಬೇಕಾದದ್ದು ಎದುರಿನ ಗೋಡೆ, ದನಿಯನ್ನು ಹಿಡಿದು ವಾಪಸು ಕೊಡುವ ಗೋಡೆ. ಸೇತುವೆಯ ನಡುವೆ ನಿಂತರೆ ಹಳ್ಳ ದನಿಯನ್ನು ನುಂಗುತ್ತದೆ, ಅದರ ಅಂಚಿನ ಕಲ್ಲಿನ ಆಸನದ ಕೊನೆಗೆ ಸರಿದರೆ ಮೇಲಿನ ಮನೆಗಳವರೆಗೆ ಏರುತ್ತದೆ. ಸಂತ ಫ್ರಾನ್ಸಿಸರ ಮುಂದಿನ ಬಯಲಲ್ಲಿ ಮುಖವನ್ನು ಸ್ವಲ್ಪ ಓರೆ ಮಾಡದಿದ್ದರೆ ಹಾಡು ಬೆಟ್ಟದ ಕಡೆ ಹೋಗಿ ಕಳೆದುಹೋಗುತ್ತದೆ. ಇವನ್ನು ಅವಳಿಗೆ ಅವಳ ಹಿಂದಿನವಳು ಹೇಳಿಕೊಟ್ಟಿದ್ದಳು, ಅವಳಿಗೆ ಅವಳ ಹಿಂದಿನವಳು. ಆ ಒಂದೊಂದು ಜಾಗ ಬಂದಾಗಲೂ ಝುಲ್ಮೀರಾ ನಡಿಗೆ ಜೋರು ಮಾಡಿ ದಾಟಿಕೊಂಡಳು.

ಏರಿನಲ್ಲಿ ಅವಳಿಗೆ ಏದುಸಿರು ಹತ್ತಿತು. ನಾವು ಏನೂ ಕೇಳಿರಲಿಲ್ಲ. ದರ್ಜಿ ಅಂಗಡಿಯ ಹೆಂಗಸು ಕುರ್ಚಿಯೊಂದನ್ನು ತಂದು ಬಾಗಿಲಲ್ಲಿಟ್ಟು, ಬಿಸಿಲಿಗೆ ಒಣಗಿಸಲು ಇಟ್ಟವಳ ಹಾಗೆ ಒಳಗೆ ಹೋದಳು. ಝುಲ್ಮೀರಾ ಕೂತಳು. ಮೆರವಣಿಗೆ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಮರೀಲ್ದಾ ಆಗ ಕೇಳಿದಳು.

“ಕಾಲು ನೋಯೋ ಕಡೆಯೆಲ್ಲ ನಿಲ್ಲುತ್ತೆ,” ಎಂದಳು ಝುಲ್ಮೀರಾ.

ಮನೆಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. ಆ ಹುಡುಗಿಗೆ ಜಾಗ ಯಾಕೆ ಹೇಳಲಿಲ್ಲ, ದನಿ ಅಷ್ಟರೊಳಗೆ ಹೋಗಿಬಿಟ್ಟರೆ ಯಾರು ಹಾಡುತ್ತಾರೆ ಎಂದು ಕೇಳಿದೆ.

“ಜಾಗ ಹೇಳಿಕೊಟ್ಟ ದಿನ ನಾನು ಸತ್ತ ಹಾಗೆ, ಕೊಮಾದ್ರೆ. ಶುಕ್ರವಾರದ ತನಕ ಬದುಕಿರ್ತೀನಿ, ಬಿಡು.”

ಉಪವಾಸದ ವಾರಗಳು ಒಂದೊಂದಾಗಿ ಕಳೆದವು. ಮರೀಲ್ದಾ ಶಾಲೆ ಬಿಟ್ಟ ಮೇಲೆ ದಿನವೂ ಬರತೊಡಗಿದಳು. ಯಾರೂ ಹೇಳದೆ ಸೌಟು ತೆಗೆದುಕೊಂಡು ಹಂಡೆಯ ಮುಂದೆ ನಿಲ್ಲುವಳು, ಹೊಗೆ ಝುಲ್ಮೀರಾಳ ಗಂಟಲಿಗೆ ಹೋಗದಿರಲಿ ಎಂದು. ಒಂದು ದಿನ ತಿರುವುತ್ತ ತಿರುವುತ್ತ ತನ್ನ ಊರಿನ ಹಾಡೊಂದನ್ನು ಹೇಳಿಕೊಂಡಳು. ಒಳಗಿನ ಕೋಣೆಯಲ್ಲಿ ಮಲಗಿದ್ದ ಝುಲ್ಮೀರಾ ಎದ್ದು ಬಂದು ಚೌಕಟ್ಟು ಹಿಡಿದು ಕೇಳಿದಳು. ಆ ದನಿ ಏರುವಾಗ ಎಲ್ಲಿಯೂ ಎಡವಲಿಲ್ಲ. ಹಾಡು ಮುಗಿದ ಮೇಲೆ ಝುಲ್ಮೀರಾ ಒಲೆಯ ಉರಿ ತಗ್ಗಿಸಿ, ನನಗೆ ಮಾತ್ರ ಕೇಳುವ ಹಾಗೆ, “ದನಿ ಇದೆ. ಊರಿಲ್ಲ,” ಎಂದಳು. ಅಷ್ಟು ಹೇಳುವುದರಲ್ಲೇ ಅವಳ ದನಿ ಎರಡು ಕಡೆ ಕೈಕೊಟ್ಟಿತು.

ಶುಭ ಶುಕ್ರವಾರಕ್ಕೆ ಮುಂಚಿನ ಗರಿಗಳ ಭಾನುವಾರ ಕಳೆದ ಮರುದಿನ ಒಲೆಗಾರಿಯೊ ಮತ್ತೆ ಬಂದರು. ಝುಲ್ಮೀರಾಳ ದನಿಯ ಸುದ್ದಿ ಚೌಕ ದಾಟಿ ಅವರ ಕೇರಿಗೂ ಹೋಗಿತ್ತು. ನಮ್ಮ ವೆರೋನಿಕಾಳನ್ನು ಕಳಿಸುತ್ತೇವೆ, ನಮ್ಮವಳೆಂದು ಯಾರಿಗೂ ಗೊತ್ತಾಗದ ಹಾಗೆ ಮುಸುಕು ಹಾಕಿಕೊಂಡು ಬರುತ್ತಾಳೆ, ನೀವು ಆರಾಮ ತಗೊಳ್ಳಿ ಎಂದರು. ಅವಳ ಕೂಸನ್ನು ತಾನೇ ನೋಡಿಕೊಳ್ಳುತ್ತೇನೆ ಎಂದೂ ಸೇರಿಸಿದರು. ಹೇಳಿ ಮುಗಿಸಿ, ತಲೆ ತಗ್ಗಿಸಿ ಕಾದರು. ಮೂದಲಿಕೆ ಬರಲಿ ಎಂದೇ ಕಾದಂತಿತ್ತು. ಝುಲ್ಮೀರಾ ತಲೆಯಾಡಿಸಿ ಬೇಡವೆಂದಳು, ಅಷ್ಟೆ. ಕಾಫಿ ನಾನು ಕೊಟ್ಟೆ. ಹೋಗುವಾಗ ಅವರು ಗೇಟಿನ ಹತ್ತಿರ ನಿಂತು ಟೋಪಿಯ ಅಂಚನ್ನು ತಿರುಗಿಸುತ್ತ, “ಬೈದಿದ್ರೆ ಸಮಾಧಾನ ಆಗ್ತಿತ್ತು, ಎದ್ವೀಜೆಸ್,” ಎಂದು ನನಗೆ ಹೇಳಿದರು.

ಶುಭ ಶುಕ್ರವಾರದ ದಿನ ಅಳುವ ಹೆಂಗಸರಲ್ಲಿ ಒಬ್ಬಳಿಗೆ ಜ್ವರ. ಆ ಬಟ್ಟೆಯನ್ನು ಮರೀಲ್ದಾ ತೊಟ್ಟಳು. ಅದು ಪಾದ್ರಿಗಳ ಏರ್ಪಾಡೋ ನಿಜವಾದ ಜ್ವರವೋ ನಾನು ವಿಚಾರಿಸಲಿಲ್ಲ. ಝುಲ್ಮೀರಾ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಇದ್ದಷ್ಟನ್ನೂ ಸಂಜೆಗೆಂದು ಕೂಡಿಡುತ್ತಿದ್ದಳು.

ಮೊದಲ ನಿಲುಗಡೆ ನಮ್ಮ ಇಗರ್ಜಿಯ ಮುಂದೆ. ಗಿಲಕಿ ನಿಂತಿತು. ನಾನು ಮಣೆ ಇಟ್ಟೆ, ಅವಳು ಹತ್ತಿದಳು. ವಸ್ತ್ರ ಬಿಚ್ಚತೊಡಗಿದಾಗ ದನಿ ಬಂತು. ತೆಳ್ಳಗೆ, ಆದರೆ ಅವಳದೇ. ಮೊದಲ ಸಾಲು ಪೂರ್ತಿ ನಿಂತಿತು. ನನ್ನ ಎದೆ ಹಗುರಾಯಿತು. ಎರಡನೆಯ ಸಾಲಿನ ಏರಿನಲ್ಲಿ ಒಡೆಯಿತು, ಆಮೇಲೆ ಉಳಿದದ್ದು ಉಸಿರು. ಹತ್ತಿರ ಇದ್ದವರಿಗೆ ಕೇಳಿತು, ಹಿಂದಿದ್ದವರಿಗೆ ಇಲ್ಲ.

ಸೇತುವೆಯ ಮೇಲೆ ಅದೂ ಇರಲಿಲ್ಲ. ಕಲ್ಲಿನ ಆಸನದ ಕೊನೆಗೆ, ತನ್ನ ಜಾಗದಲ್ಲೇ, ಅವಳು ಮಣೆ ಹತ್ತಿ ನಿಂತಳು. ಬಾಯಿ ತೆರೆಯಿತು. ಕೆಳಗೆ ಹಳ್ಳದ ನೀರಿನ ಸದ್ದು, ಮೇಣದಬತ್ತಿಗಳ ಚಿಟಚಿಟ. ವಸ್ತ್ರ ಅರ್ಧ ಬಿಚ್ಚಿಕೊಂಡಿತು. ಜನ ತಡೆದು ನಿಂತರು. ನನ್ನ ಪಕ್ಕದಲ್ಲಿ ಮರೀಲ್ದಾ ಉಸಿರು ಎಳೆದುಕೊಂಡದ್ದು ನನಗೆ ತಿಳಿಯಿತು. ಹಾಡು ಅವಳಿಗೆ ಪೂರ್ತಿ ಗೊತ್ತಿತ್ತು. ಮುಸುಕಿನೊಳಗಿಂದ ಹಾಡಿಬಿಟ್ಟಿದ್ದರೆ ಯಾರ ದನಿಯೆಂದು ದೂರದವರಿಗೆ ತಿಳಿಯುತ್ತಲೂ ಇರಲಿಲ್ಲ.

ಝುಲ್ಮೀರಾ ತಿರುಗಲಿಲ್ಲ. ಆದರೂ ಆ ಉಸಿರು ಅವಳಿಗೆ ಕೇಳಿಸಿತು. “ಬೇಡ ಮಗಳೇ,” ಎಂದಳು. ಅದು ದನಿಯಲ್ಲ, ತುಟಿಯ ಅಲುಗಾಟ.

ಮರೀಲ್ದಾ ಬಾಯಿ ಮುಚ್ಚಿದಳು. ವಸ್ತ್ರ ಕೊನೆಯವರೆಗೂ ಬಿಚ್ಚಿಕೊಂಡಿತು. ಹಾಡು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟೂ ಹೊತ್ತು ಝುಲ್ಮೀರಾ ಹಾಗೇ ಹಿಡಿದು ನಿಂತಳು. ಆಮೇಲೆ ನಾವು ಮೂವರು, ಹಾಡದ ಹಾಡಿಗೆ ಮರುದನಿ ಕೊಟ್ಟೆವು. ಬೇರೇನು ಮಾಡುವುದೆಂದು ನಮಗೆ ತೋಚಲಿಲ್ಲ.

ಸಂತ ಫ್ರಾನ್ಸಿಸರ ಮುಂದೆಯೂ ಹಾಗೆಯೇ. ಚೌಕದಲ್ಲೂ ಹಾಗೆಯೇ. ಅಲ್ಲಿ ಪಿಲಾರಿನವರು ಸಾಲಾಗಿ ನಿಂತಿದ್ದರು, ಅವರ ವೆರೋನಿಕಾ ಕೂಸನ್ನು ಹೆಗಲಿಗೆ ಹಾಕಿಕೊಂಡು, ಪಕ್ಕದಲ್ಲಿ ಒಲೆಗಾರಿಯೊ. ಝುಲ್ಮೀರಾ ಮಣೆ ಹತ್ತಿ ಮೂಕವಾಗಿ ವಸ್ತ್ರ ಬಿಚ್ಚುವಾಗ, ಊರು ನೋಡಲು ಬಂದ ಯಾರೋ ಫೋನ್ ಎತ್ತಿ ಚಿತ್ರ ಹಿಡಿಯಹೊರಟರು. ಒಲೆಗಾರಿಯೊ ತಮ್ಮ ಟೋಪಿಯನ್ನು ಮೆಲ್ಲನೆ ಆ ಫೋನಿಗೆ ಅಡ್ಡ ಹಿಡಿದು, ಕೊನೆಯವರೆಗೂ ಕೈ ಇಳಿಸಲಿಲ್ಲ. ಆ ವಯಸ್ಸಿನಲ್ಲಿ ಕೈ ಎತ್ತಿ ಅಷ್ಟು ಹೊತ್ತು ನಿಲ್ಲುವುದು ಸುಲಭವಲ್ಲ.

ಮರುದಿನ ನಮ್ಮ ಕೇರಿಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಹಲ್ವ ಬೇಕಿದ್ದವರೂ ಬೇಡದವರೂ ಬಂದು ಕೊಂಡುಕೊಂಡು ಹೋದರು. ಸಕ್ಕರೆ ಕಾಯಿಲೆಯವರೂ ಬಂದಿದ್ದರು.

ಸೋಮವಾರ ಅವಳು ಹೇಳಿದ ಮಾತಿನಂತೆ ಬೆಲೊ ಒರಿಜೊಂತೆಗೆ ಹೋದಳು. ಡಾಕ್ಟರು ಕೊಯ್ದು ನೋಡಿ, ತೆಗೆಯಲು ಬಾರದಷ್ಟು ಹರಡಿದೆ ಎಂದು, ಉಸಿರಿಗೊಂದು ಕೊಳವೆ ಇಟ್ಟು ಹೊಲಿದರು. ಮಗನಿಗೆ ಹೇಳುವಾಗ ಅವರ ಕಣ್ಣೂ ತುಂಬಿತ್ತು. ಹಾಡಲೂ ಆಗಲಿಲ್ಲ, ಇನ್ನು ಉಳಿಯುವಂತೆಯೂ ಇರಲಿಲ್ಲ. ಎರಡರಲ್ಲಿ ಒಂದಾದರೂ ಸಿಗುತ್ತದೆ ಎಂದುಕೊಂಡಿದ್ದಳು.

ಮನೆಗೆ ಬಂದ ಮೇಲೆ ಅವಳಿಗೆ ಮಾತಿಲ್ಲ. ಬೇಕಾದಾಗ ಗೋಡೆ ತಟ್ಟುವಳು, ನಾನು ಹೋಗುವೆ. ಮರೀಲ್ದಾ ಬಂದು ಕೊಳವೆ ಶುಚಿ ಮಾಡುವುದನ್ನು ಕಲಿತುಕೊಂಡಳು. ಮಗ ಬಿಸಿನೀರು ತಂದಿಟ್ಟು ಹೊರಗೆ ಹೋಗುವನು.

ಜೂನ್ ಶುರುವಿನಲ್ಲಿ ಮರೀಲ್ದಾ ಒಂದು ಸಂಜೆ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. ರಜೆಯ ಮೇಲೆ ಹೋಗಿದ್ದ ಹಳೆಯ ಟೀಚರು ವಾಪಸು ಬರುತ್ತಿದ್ದರು. ಇವಳ ಕೆಲಸ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಊರೆಲ್ಲ ಕೇಳಿ ನೋಡಿದ್ದಳು. ಗೊಯಾಸಿನಲ್ಲಿ ಅಕ್ಕನ ಮನೆಗೆ ಹೋಗುವುದೊಂದೇ ದಾರಿ. ಅಲ್ಲಿಂದ ಇಲ್ಲಿಗೆ ಬರುವುದೆಂದರೆ ಹಗಲು ರಾತ್ರಿ ಬಸ್ಸು. ಝುಲ್ಮೀರಾಳಿಗೆ ಹೇಳಬೇಡಿ ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಹೇಳಲಿಲ್ಲ.

ಆ ತಿಂಗಳ ಕೊನೆಯ ವಾರ, ಮಂಜು ಇನ್ನೂ ಹರಿಯದ ಒಂದು ಬೆಳಿಗ್ಗೆ, ಗೋಡೆ ತಟ್ಟಿದ ಸದ್ದಾಯಿತು. ಹೋಗಿ ನೋಡಿದರೆ ಝುಲ್ಮೀರಾ ಒಳ್ಳೆಯ ಚಪ್ಪಲಿ ಮೆಟ್ಟಿಕೊಂಡು, ಕೊಳವೆಯ ಮೇಲೆ ಶಾಲು ಸುತ್ತಿಕೊಂಡು ಕೂತಿದ್ದಳು. ಮರೀಲ್ದಾಳನ್ನು ಕರೆ ಎಂದು ಕೈಸನ್ನೆ. ಮಗ ಬೇಡಿಕೊಂಡ. ಅವಳು ಅವನ ಕೆನ್ನೆ ಸವರಿ ಹೊರಟಳು.

ಇಗರ್ಜಿಯ ಮುಂದೆ ಬಂದು, ಮರೀಲ್ದಾಳ ಭುಜಗಳನ್ನು ಎರಡೂ ಕೈಯಿಂದ ಹಿಡಿದು, ಬಾಗಿಲಿಗೆ ಬೆನ್ನು ಮಾಡಿಸಿ ನಿಲ್ಲಿಸಿದಳು. ಚಪ್ಪಲಿಯ ತುದಿಯಿಂದ ಒಂದು ಕಲ್ಲು ತೋರಿಸಿದಳು. ಎಡಗಾಲು ಅಲ್ಲಿ. ಹುಡುಗಿ ನನ್ನ ಮುಖ ನೋಡಿದಳು, ನಾನು ಬೇರೆ ಕಡೆ ನೋಡಿದೆ. ಸೇತುವೆಯ ಮೇಲೆ ಅವಳನ್ನು ಕಲ್ಲಿನ ಆಸನದ ಕೊನೆಗೆ ಸರಿಸಿ, ಎದುರಿನ ಗೋಡೆಯತ್ತ ಬೆರಳು ಮಾಡಿದಳು. ಏರಿನಲ್ಲಿ ನಾಲ್ಕು ಹೆಜ್ಜೆಗೊಮ್ಮೆ ನಿಂತೆವು. ಯಾವ ಬಾಗಿಲಲ್ಲಿ ನಿಂತರೂ ಒಳಗಿಂದ ಒಂದು ಕುರ್ಚಿ ಬರುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ.

ಸಂತ ಫ್ರಾನ್ಸಿಸರ ಮುಂದಿನ ಬಯಲಲ್ಲಿ ಬಳಪದ ಕಲ್ಲಿನ ಸಾಮಾನು ಮಾರುವವರು ಆಗಷ್ಟೇ ಅಂಗಡಿ ಹರಡುತ್ತಿದ್ದರು. ಝುಲ್ಮೀರಾ ಹುಡುಗಿಯ ಗಲ್ಲ ಹಿಡಿದು ಮುಖವನ್ನು ಸ್ವಲ್ಪ ಓರೆ ಮಾಡಿ, ಹಾಡು ಎಂದು ಸನ್ನೆ ಮಾಡಿದಳು. ಮರೀಲ್ದಾ ಹಾಡಿದಳು. ಉಳಿ ಹಿಡಿದವರು ಕೈ ತಡೆದರು. ಝುಲ್ಮೀರಾ ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿ, ಅವಳ ಭುಜವನ್ನು ಬೆರಳಗಲದಷ್ಟು ತಿರುಗಿಸಿದಳು. ಮರೀಲ್ದಾ ಮತ್ತೆ ಹಾಡಿದಳು. ಈ ಸಲ ಕೆಳಗಿನ ಮನೆಗಳ ಕಿಟಕಿಯಲ್ಲಿ ಜನ ಕಾಣಿಸಿಕೊಂಡರು. ದನಿ ಎಲ್ಲಿಗೆ ತಲುಪಬೇಕೋ ಅಲ್ಲಿಗೆ ತಲುಪಿತ್ತು.

ಚೌಕದವರೆಗೆ ಹತ್ತಲು ಅವಳಿಗೆ ಆಗಲಿಲ್ಲ. ಅಲ್ಲಿಯ ಜಾಗವನ್ನು ನೀನು ತೋರಿಸು ಎಂದು ನನ್ನ ಕಡೆ ಕೈ ಮಾಡಿದಳು. ನಾನು ಆಗಲಿ ಎಂದೆ. ಆಮೇಲೆ ಮರೀಲ್ದಾಳ ಎದುರು ಒಂದು ಬೆರಳು ಎತ್ತಿ, ಪಿಲಾರಿನ ಕಡೆ ತೋರಿಸಿ, ಮೂತಿ ಸೊಟ್ಟ ಮಾಡಿದಳು: ಬರುವ ವರ್ಷ ಆ ಗೊರಸಿನವರದು. ಎರಡನೆಯ ಬೆರಳು ಎತ್ತಿ, ಹುಡುಗಿಯ ಎದೆಯನ್ನು ಮುಟ್ಟಿದಳು: ಅದರ ಮುಂದಿನದು ನಿನ್ನದು.

ಮರೀಲ್ದಾಳ ಟಿಕೆಟ್ಟು ಆ ಶನಿವಾರದ್ದು. ಪೆಟ್ಟಿಗೆಯೂ ಕಟ್ಟಿಯಾಗಿತ್ತು.

“ಹೂಂ ದೊನಾ ಝುಲ್ಮೀರಾ,” ಎಂದಳು. “ಹಾಡ್ತೀನಿ.”

ಝುಲ್ಮೀರಾ ನಂಬಿದಳು. ಇಳಿಜಾರಿನಲ್ಲಿ ನಮ್ಮಿಬ್ಬರ ನಡುವೆ, ಇಬ್ಬರ ತೋಳನ್ನೂ ಹಿಡಿದು, ಹೊರೆ ಇಳಿಸಿ ಬಂದವಳ ಹಾಗೆ ನಡೆದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.